ಜಿಯೋಫೋನ್‌ನ ಕೈಓಎಸ್: ವರ್ಷಗಟ್ಟಲೆ ಬಳಸಿದ ಮೇಲಿನ ಮಾತು

ಒಂದು ಕಾಲಕ್ಕೆ ನಮ್ಮ ದೇಶದಲ್ಲಿ ಐಫೋನಿಗಿಂತ ಜಾಸ್ತಿ ಜನರ ಕೈಲಿದ್ದದ್ದು ಕೈಓಎಸ್ ಅನ್ನುವ ಓಎಸ್ (ಫೋನನ್ನು ನಡೆಸುವ ಮೂಲ ತಂತ್ರಾಂಶ) ಇರುವ ಫೋನು. 2018ರಲ್ಲಿ ಆಂಡ್ರಾಯ್ಡ್ ಬಿಟ್ಟರೆ ಎರಡನೇ ಜಾಗ ಇದಕ್ಕೇ ಅಂತ ಮಾರುಕಟ್ಟೆಯ ಅಂದಾಜುಗಳು ಹೇಳಿದ್ದವು. ಅದಕ್ಕೆ ಕಾರಣ ಜಿಯೋ ಕಂಪನಿಯ ಗುಂಡಿ ಫೋನು, ಜಿಯೋಫೋನ್. ನಮ್ಮ ಅಮ್ಮ ಅದನ್ನು ವರ್ಷಗಟ್ಟಲೆ ಬಳಸಿದ್ದಾರೆ. ರೀಚಾರ್ಜು, ಸೆಟ್ಟಿಂಗು, ಅಪ್‌ಡೇಟು ನನ್ನ ಪಾಲಿನ ಕೆಲಸ. ಹಾಗಾಗಿ ಇದು ಇಬ್ಬರ ಅನುಭವ ಸೇರಿಸಿ ಬರೆದದ್ದು. ಹೊಸ ಮೊಬೈಲ್ ಓಎಸ್ ಬರ್ತಿದೆ, ಆಂಡ್ರಾಯ್ಡ್‌ಗೆ ಪೈಪೋಟಿ ಕೊಡುತ್ತೆ ಅಂತ ಯಾರಾದರೂ ಹೇಳಿದಾಗ ನಾನು ಮೊದಲು ನೋಡುವುದು ಕೈಓಎಸ್ ಕಥೆಯನ್ನು.

ಮೊದಲು ಫೋನಿನ ಬಗ್ಗೆ. 2017ರ ಜುಲೈನಲ್ಲಿ ಇದನ್ನು ಘೋಷಿಸಿದರು. 1,500 ರೂಪಾಯಿ ಠೇವಣಿ, ಮೂರು ವರ್ಷದ ಮೇಲೆ ವಾಪಸ್ ಅನ್ನುವ ಲೆಕ್ಕ. 2.4 ಇಂಚಿನ ಪರದೆ, 512 ಎಂಬಿ ರ‍್ಯಾಮ್, 4 ಜಿಬಿ ಜಾಗ, 2,000 ಎಂಎಎಚ್ ಬ್ಯಾಟರಿ. ಕಾಗದದ ಮೇಲೆ ನೋಡಿದರೆ ಏನೇನೂ ಅಲ್ಲ. ಆದರೆ ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಸುಗ್ಗಿಯಲ್ಲಿ ಹಸಿ ಅಡಿಕೆ ಸುಲಿಯುವಾಗ ಬೆರಳಿಗೆಲ್ಲ ಚೊಗರು ಹಿಡಿದು ಕಪ್ಪಾಗಿರುತ್ತದೆ. ಆ ಕೈಯಲ್ಲಿ ಟಚ್ ಫೋನ್ ಮುಟ್ಟಿದರೆ ಒಂದು ಒತ್ತಿದರೆ ಇನ್ನೊಂದು ತೆರೆಯುತ್ತದೆ. ಗುಂಡಿ ಫೋನಿಗೆ ಆ ತೊಂದರೆಯೇ ಇಲ್ಲ. ಮೊಣಕೈಯಿಂದ ಸೆರಗು ಸರಿಸಿ, ಹೆಬ್ಬೆರಳಲ್ಲಿ ಹಸಿರು ಗುಂಡಿ ಒತ್ತಿದರೆ ಸಾಕು, ಮಾತು ಶುರು. ಪರದೆ ನೋಡುವುದೂ ಬೇಡ. ಗುಂಡಿ ಎಲ್ಲಿದೆ ಅಂತ ಬೆರಳಿಗೇ ಗೊತ್ತಿರುತ್ತದೆ. ಕರೆಂಟು ಹೋದರೂ ಬ್ಯಾಟರಿ ಎರಡು ದಿನ ಆರಾಮಾಗಿ ಬರುತ್ತಿತ್ತು. ಮಲೆನಾಡಿನ ಮಳೆಗಾಲದಲ್ಲಿ ಇದು ಸಣ್ಣ ವಿಷಯ ಅಲ್ಲ.

ಕನ್ನಡದಲ್ಲಿ ಮೆನು ಇತ್ತು, ಅಮ್ಮನಿಗೆ ಅದೇ ಧೈರ್ಯ. ಬರೆಯುವುದು ಮಾತ್ರ ಕಷ್ಟ. ಒಂದೊಂದು ಗುಂಡಿಯ ಹಿಂದೆ ಅಷ್ಟೊಂದು ಅಕ್ಷರ, ಬೇಕಾದದ್ದು ಬರುವ ತನಕ ಒತ್ತುತ್ತಲೇ ಇರಬೇಕು. ಒತ್ತಕ್ಷರ ಬಂತೆಂದರೆ ತಡವರಿಕೆ ಜಾಸ್ತಿ. ಅಮ್ಮ ಬೇಗನೆ ಅದನ್ನು ಕೈಬಿಟ್ಟು ದನಿ ಸಂದೇಶ ಹಿಡಿದರು. 'ತೋಟಕ್ಕೆ ಹೊರಟೆ, ಮಧ್ಯಾಹ್ನದ ಮೇಲೆ ಫೋನ್ ಮಾಡು' ಅಂತ ನಾಲ್ಕು ಮಾತು ಹೇಳಿ ಕಳಿಸುವುದು. ಸ್ತ್ರೀಶಕ್ತಿ ಸಂಘದ ಗುಂಪು, ಅಡಿಕೆ ಧಾರಣೆ, ನೆಂಟರ ಮನೆ ಮಗುವಿನ ಫೋಟೊ, ಎಲ್ಲ ಆ ಪುಟ್ಟ ಪರದೆಯಲ್ಲೇ. ಗೂಗಲ್ ಅಸಿಸ್ಟೆಂಟ್ 2017ರ ಡಿಸೆಂಬರಿನಲ್ಲಿ ಈ ಫೋನಿಗೆ ಬಂದಾಗ ಹಿಂದಿ, ಇಂಗ್ಲಿಷ್ ಮಾತ್ರ ಇದ್ದವು. ಮಾತಾಡಿ ಕೆಲಸ ಮಾಡಿಸುವ ಸೌಲಭ್ಯ ಜಾಸ್ತಿ ಬೇಕಿದ್ದದ್ದೇ ಬರೆಯಲು ಕಷ್ಟಪಡುವ ನಮ್ಮಂಥ ಭಾಷೆಯವರಿಗೆ, ಅಲ್ವಾ?

ಕೈಓಎಸ್ ಶೂನ್ಯದಿಂದ ಹುಟ್ಟಿದ್ದಲ್ಲ. ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದವರ ಫೈರ್‌ಫಾಕ್ಸ್ ಓಎಸ್ ಇದರ ಬೇರು. ಅದು 2014ರ ಆಗಸ್ಟಿನಲ್ಲಿ ಇಂಟೆಕ್ಸ್ ಕ್ಲೌಡ್ ಎಫ್‌ಎಕ್ಸ್ ಅನ್ನುವ ಟಚ್ ಫೋನಿನಲ್ಲಿ 1,999 ರೂಪಾಯಿಗೆ ನಮ್ಮಲ್ಲಿಗೂ ಬಂದಿತ್ತು. 128 ಎಂಬಿ ರ‍್ಯಾಮಿನಲ್ಲಿ ಟಚ್ ಪರದೆ ನಡೆಸುವ ಸಾಹಸ. ಬೇಕಾದ ಆ್ಯಪ್ ಸಿಗಲಿಲ್ಲ, ಜನ ಒಪ್ಪಲಿಲ್ಲ. 2015ರ ಕೊನೆಗೆ ಮೊಜಿಲ್ಲಾ ಫೋನಿನ ಆಸೆ ಬಿಟ್ಟಿತು. ಅದರ ಕೋಡ್ ಎತ್ತಿಕೊಂಡು, ಟಚ್ ತೆಗೆದು, ಕೀಪ್ಯಾಡಿಗೆ ಒಗ್ಗಿಸಿದ್ದೇ ಕೈಓಎಸ್. ಆ್ಯಪ್‌ಗಳು ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟಿನಲ್ಲಿ ಬರೆದವು, ಅಂದರೆ ವೆಬ್ ಪುಟದ ಹಾಗೇ. ಅದಕ್ಕೇ ಇಷ್ಟು ಬಡ ಫೋನಿನಲ್ಲೂ ಓಡಿತು. ಕೆಲಸ ಕೆಟ್ಟಿದ್ದಲ್ಲ. ನಿಜವಾಗಿ ಚೆನ್ನಾಗಿ ಯೋಚಿಸಿ ಮಾಡಿದ ಓಎಸ್ ಅಂತಲೇ ನನ್ನ ಅಭಿಪ್ರಾಯ.

ಆದರೂ ಫೋನು ಜನರ ದಿನದ ಬಳಕೆಗೆ ಇಳಿದದ್ದು 2018ರ ಸೆಪ್ಟೆಂಬರಿನಲ್ಲಿ, ವಾಟ್ಸಾಪ್ ಬಂದ ಮೇಲೆ. ಅದೇ ವರ್ಷ ಜೂನ್‌ನಲ್ಲಿ ಗೂಗಲ್ ಕೈಓಎಸ್ ಕಂಪನಿಯಲ್ಲಿ 2.2 ಕೋಟಿ ಡಾಲರ್ ಹಾಕಿತ್ತು. ಮ್ಯಾಪ್, ಯೂಟ್ಯೂಬ್ ಎಲ್ಲ ಬಂದವು. ಏಳು ಬೀಳು ಎರಡೂ ಇಲ್ಲೇ ಇದೆ. ಕೈಓಎಸ್ ಏರಿದ್ದು ಬೇರೆಯವರ ಆ್ಯಪಿನಿಂದ. 2024ರ ಜೂನ್‌ನಲ್ಲಿ ವಾಟ್ಸಾಪಿಗೆ ಇದರಲ್ಲಿ ಹೊಸದಾಗಿ ಸೇರುವುದು ನಿಂತಿತು, 2025ರ ಆರಂಭಕ್ಕೆ ಹಳಬರಿಗೂ ಬಂದ್ ಆಯಿತು. ಫೋನ್ ಗಟ್ಟಿಯಾಗಿದ್ದರೂ, ಬ್ಯಾಟರಿ ಚೆನ್ನಾಗಿದ್ದರೂ ಪ್ರಯೋಜನ ಇಲ್ಲ. ವಾಟ್ಸಾಪ್ ಉಳಿಸಿಕೊಳ್ಳುವುದು ಓಎಸ್ ಮಾಡಿದವರ ಕೈಯಲ್ಲೂ ಇರಲಿಲ್ಲ, ಫೋನ್ ಕೊಂಡವರ ಕೈಯಲ್ಲೂ ಇರಲಿಲ್ಲ. ವಿಂಡೋಸ್ ಫೋನಿಗೂ ಹೀಗೇ ಆಗಿತ್ತು. 2019ರ ಕೊನೆಯ ದಿನ ಅದರಲ್ಲಿ ವಾಟ್ಸಾಪ್ ನಿಂತಿತು.

ಇನ್ನೊಂದು ಯುಪಿಐ. ಊರಿನ ಕಿರಾಣಿ ಅಂಗಡಿಯಿಂದ ಸಂತೆಯ ತರಕಾರಿ ಗಾಡಿ ತನಕ ಕ್ಯೂಆರ್ ಚೀಟಿ ಅಂಟಿಸಿರುವ ಕಾಲ ಇದು. ಗುಂಡಿ ಫೋನಿಗೆಂದೇ 2022ರ ಮಾರ್ಚಿನಲ್ಲಿ ರಿಸರ್ವ್ ಬ್ಯಾಂಕ್ ಯುಪಿಐ 123ಪೇ ತಂದಿತು, ಕಾಲ್ ಮಾಡಿಯೂ ದುಡ್ಡು ಕಳಿಸಬಹುದು. ಆದರೆ ನಮ್ಮ ಬ್ಯಾಂಕಿನಲ್ಲಿ ಕೇಳಿದರೆ 'ಟಚ್ ಫೋನ್ ತಗೊಳ್ಳಿ' ಅನ್ನುವ ಉತ್ತರವೇ ಸಿಕ್ಕಿದ್ದು. ಇರುವ ಸೌಲಭ್ಯವನ್ನು ಹೇಳಿಕೊಡುವವರಿಲ್ಲದೆ ವಯಸ್ಸಾದವರು ಹಿಂದೆ ಉಳಿಯುತ್ತಿದ್ದಾರೆ. ನನಗೆ ತುಂಬಾ ಬೇಸರ ತರುವ ಸಂಗತಿ ಇದು.

ಇದೆಲ್ಲ ನೋಡಿದ ಮೇಲೆ ಹೊಸ ಓಎಸ್‌ಗಳ ಬಗ್ಗೆ ನನ್ನ ಮೊದಲ ಪ್ರಶ್ನೆ ಒಂದೇ: ವಾಟ್ಸಾಪು, ಬ್ಯಾಂಕ್ ಆ್ಯಪು, ಯುಪಿಐ ಓಡುತ್ತವಾ, ಎಷ್ಟು ವರ್ಷ ಓಡುತ್ತವೆ ಅಂತ ಯಾರು ಬರೆದುಕೊಡುತ್ತಾರೆ? ಐಐಟಿ ಮದ್ರಾಸ್‌ನ ಆಸರೆಯಲ್ಲಿ ಬೆಳೆದ ಭರೋಸ್ ಅನ್ನುವ ಓಎಸ್ 2023ರ ಜನವರಿಯಲ್ಲಿ ಸುದ್ದಿಯಾಯಿತು. ಮೊದಲೇ ತುಂಬಿದ ಆ್ಯಪ್ ಇಲ್ಲ, ಸುರಕ್ಷತೆ ಜಾಸ್ತಿ ಅಂದರು. ಆಂಡ್ರಾಯ್ಡಿನ ಮುಕ್ತ ಕೋಡ್ ಮೇಲೇ ಕಟ್ಟಿದ್ದು. ಕಚೇರಿಗಳಲ್ಲಿ, ಸೂಕ್ಷ್ಮ ಕೆಲಸದಲ್ಲಿ ಇದಕ್ಕೆ ಜಾಗ ಇದೆ. ಮನೆಮನೆಗೆ ಬರಬೇಕಾದರೆ ನನ್ನ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಚೀನಾದ ಫೋನ್ ಕಂಪನಿ ಹುವಾವೆ 2024ರ ಅಕ್ಟೋಬರಿನಲ್ಲಿ ಆಂಡ್ರಾಯ್ಡ್ ಆ್ಯಪ್ ಓಡದ ಹಾರ್ಮನಿಓಎಸ್ ನೆಕ್ಸ್ಟ್ ಬಿಟ್ಟಿತು. ಅವರಿಗೆ ಬಲ ಬಂದದ್ದು ಸಂದೇಶ ಕಳಿಸುವ ವೀಚಾಟ್, ದುಡ್ಡು ಕಳಿಸುವ ಅಲಿಪೇ ಥರದವು ಚೀನಾದಲ್ಲೇ ಹುಟ್ಟಿದವು ಅನ್ನುವುದರಿಂದ. ಆ ಕಂಪನಿಗಳನ್ನು ಕೂರಿಸಿ ಆ್ಯಪ್ ಬರೆಸಬಹುದು. ನಮ್ಮಲ್ಲಿ ಯುಪಿಐ ನಮ್ಮದೇ, ವಾಟ್ಸಾಪ್ ನಮ್ಮದಲ್ಲ. ಅರ್ಧ ಬಲ ಮಾತ್ರ ನಮ್ಮ ಕಡೆ ಇದೆ. ಆ ಅರ್ಧವನ್ನಾದರೂ ಹೊಸ ಓಎಸ್ ಮಾಡುವವರು ಮೊದಲ ದಿನವೇ ಸರಿಯಾಗಿ ಕೂರಿಸಲಿ.

ಈಗ ಹಳೆಯ ಜಿಯೋಫೋನ್ ಯಾರಿಗೆ? ಬರೀ ಮಾತಾಡಲು, ಎಫ್‌ಎಂ ಕೇಳಲು ಇವತ್ತಿಗೂ ಒಳ್ಳೆಯ ಫೋನು. ಜಿಯೋ ಸಿಮ್ ಮಾತ್ರ ಹಾಕಬೇಕು ಅನ್ನುವುದು ನೆನಪಿರಲಿ. ವಾಟ್ಸಾಪಿಗಾಗಿ ಸೆಕೆಂಡ್‌ಹ್ಯಾಂಡ್ ತಗೊಳ್ಳುವ ಯೋಚನೆ ಇದ್ದರೆ ಬೇಡ. ನನ್ನ ಅಂಕ: ಫೋನಿಗೆ ಐದಕ್ಕೆ ನಾಲ್ಕು, ಓಎಸ್ ಬಾಳಿಕೆಗೆ ಐದಕ್ಕೆ ಎರಡು.