ಉಸುಕಿನ ಕ್ವಾಡ್‌ಗೆ ಯಾವ ಎಂಜಿನ್? 390 ಟರ್ಬೊ, ಸಾದಾ 650, 650 ಟರ್ಬೊ

ಮೊದಲೇ ಹೇಳಿಬಿಡುತ್ತೇನೆ. ಉಸುಕಿನ ಗುಡ್ಡ ಹತ್ತುವ ಕ್ವಾಡ್‌ಗೆ, ಅಂದರೆ ಬೈಕ್ ಎಂಜಿನ್ ಕೂರಿಸಿದ ನಾಲ್ಕು ಗಾಲಿಯ ಗಾಡಿಗೆ, ಎಷ್ಟು ಹಾರ್ಸ್‌ಪವರ್ ಇದೆ ಅನ್ನುವುದು ಆಮೇಲಿನ ಮಾತು. ರೇಸ್ ಬಿಟ್ಟು ಮತ್ತೆ ಕೊಟ್ಟಾಗ ಆ ಪವರ್ ಎಷ್ಟು ಬೇಗ ವಾಪಸ್ ಬರುತ್ತದೆ ಅನ್ನುವುದೇ ಮುಖ್ಯ. ಒಂದೇ ಚಾಸಿಯಲ್ಲಿ ಮೂರು ಥರದ ಜೋಡಣೆ ಮಾಡಿ, ಒಂದೇ ಗುಡ್ಡದ ಮೇಲೆ ಓಡಿಸಿ ನೋಡಿದ ಮೇಲೆ ನನಗೆ ಇದರಲ್ಲಿ ಅನುಮಾನವೇ ಉಳಿದಿಲ್ಲ.

ಒಂದನೆಯದು ಕೆಟಿಎಂ 390 ಡ್ಯೂಕ್‌ನ ಹಳೆಯ 373 ಸಿಸಿ ಸಿಂಗಲ್ ಸಿಲಿಂಡರ್ ಎಂಜಿನ್, ಅದಕ್ಕೆ ಟರ್ಬೊ, ಅಂದರೆ ಎಕ್ಸಾಸ್ಟ್ ಗಾಳಿಯ ಬಲದಿಂದ ತಿರುಗಿ ಎಂಜಿನ್‌ಗೆ ಜಾಸ್ತಿ ಗಾಳಿ ತುರುಕುವ ಪಂಪು. ಎರಡನೆಯದು ರಾಯಲ್ ಎನ್‌ಫೀಲ್ಡ್‌ನ 650 ಟ್ವಿನ್ (ಎರಡು ಸಿಲಿಂಡರಿನದು), ಕಂಪನಿಯಿಂದ ಬಂದ ಹಾಗೆಯೇ. ಮೂರನೆಯದು ಅದೇ 650ಕ್ಕೆ ಅದೇ ಟರ್ಬೊ. ಎಂಜಿನ್ ಎರಡೂ ಆಕ್ಸಿಡೆಂಟ್ ಆದ ಬೈಕಿನವು, ಕಾಗದಪತ್ರ ನೋಡಿಯೇ ತಂದವು.

ಬಳ್ಳಾರಿಯಲ್ಲಿ ಉಸುಕಿನ ಗುಡ್ಡ ಎಲ್ಲಿಂದ ಬಂತು ಅಂತ ಹೊರಗಿನವರು ಕೇಳುತ್ತಾರೆ. ಹಗರಿ ದಂಡೆಗೆ ಬಂದು ನೋಡಬೇಕು. ವೇದಾವತಿಯನ್ನೇ ನಾವು ಹಗರಿ ಅನ್ನುವುದು. ವರ್ಷದಲ್ಲಿ ಬಹಳ ತಿಂಗಳು ಬರೀ ಉಸುಕೇ ಕಾಣುವ ಹೊಳೆ ಅದು. ಮುಂಗಾರಿನಲ್ಲಿ ಪಡುವಣ ಗಾಳಿ ಜೋರಾದಾಗ ಆ ಉಸುಕು ಎದ್ದು ಮೂಡಣ ದಂಡೆಯ ಹೊಲಗಳ ಮೇಲೆ ಗುಡ್ಡೆ ಬೀಳುತ್ತದೆ. ನಾವು ಓಡಿಸುವುದು ಗೆಳೆಯನ ಸೋದರಮಾವನ ಪಟ್ಟಾ ಜಮೀನಿನಲ್ಲಿ, ಉಸುಕು ತುಂಬಿ ಬಿತ್ತನೆ ಬಿಟ್ಟ ಹೊಲದಲ್ಲಿ. ಹೊಳೆಯ ಪಾತ್ರಕ್ಕೆ ಇಳಿಯುವುದಿಲ್ಲ. ಉಸುಕನ್ನು ಹಿಡಿದು ನಿಲ್ಲಿಸಿದ ಹುಲ್ಲು, ಗಿಡಗಳ ಮೇಲೆ ಗಾಡಿ ಹತ್ತಿಸುವುದಿಲ್ಲ. ಆ ಹುಲ್ಲು ಹೋದರೆ ಉಸುಕು ಮುಂದಿನ ಹೊಲಕ್ಕೆ ನುಗ್ಗುತ್ತದೆ. "ನನ್ನ ಹೊಲ ಹೆಂಗೂ ಹೋಗೇದ, ಬಾಜೂ ಹೊಲದಾಗ ಗಾಲಿ ಇಡಬ್ಯಾಡ್ರಪ್ಪಾ" ಅಂತ ಮಾವ ಮೊದಲೇ ಹೇಳಿದ್ದರು. ಆ ಮಾತನ್ನು ಇವತ್ತಿಗೂ ಮೀರಿಲ್ಲ.

ಗುಡ್ಡದ ಗಾತ್ರ ತಿಳಿಯದೆ ಎಂಜಿನ್ ಆರಿಸಬಾರದು. ಕ್ಯಾಲಿಫೋರ್ನಿಯಾದ ಗ್ಲಾಮಿಸ್ ಕಡೆ 300 ಅಡಿ ಎತ್ತರದ ಮರಳುಗುಡ್ಡಗಳಿವೆ. ಸುಜುಕಿ ಹಯಾಬುಸಾ ಅನ್ನುವ ದೊಡ್ಡ ಬೈಕಿನ ಎಂಜಿನ್‌ಗೆ ಟರ್ಬೊ ಕಟ್ಟಿದ ಗಾಡಿಗಳು ಅಲ್ಲಿ ಓಡುತ್ತವೆ. 1987ರಲ್ಲಿ ಬಂದ ಯಮಹಾ ಬ್ಯಾನ್‌ಶೀ, 347 ಸಿಸಿ ಟೂ-ಸ್ಟ್ರೋಕ್ ಟ್ವಿನ್ ಕ್ವಾಡ್, ಅಲ್ಲಿನವರಿಗೆ ಇನ್ನೂ ಅಚ್ಚುಮೆಚ್ಚು. ಅಲ್ಲಿ ಉದ್ದನೆಯ ಏರು, ಒಮ್ಮೆ ರೇಸ್ ಕೊಟ್ಟರೆ ಕೊಟ್ಟೇ ಇರಬಹುದು. ನಮ್ಮ ಹಗರಿ ಗುಡ್ಡಗಳು ಹಾಗಲ್ಲ. ಏರು ಚಿಕ್ಕದು, ಓಡಿ ಬರಲು ಜಾಗ ಕಡಿಮೆ, ನೆತ್ತಿ ಬೇಗ ಬಂದುಬಿಡುತ್ತದೆ. ಗಾಳಿ ಬರುವ ಪಡುವಣ ಮಗ್ಗುಲು ಸಲೀಸು, ಮೂಡಣ ಮಗ್ಗುಲು ಕಡಿದು. ಒಣ ಉಸುಕು ಸುಮಾರು 34 ಡಿಗ್ರಿ ಇಳಿಜಾರಿನ ತನಕ ನಿಲ್ಲುತ್ತದೆ, ಅದನ್ನು ಮೀರಿದರೆ ಜಾರುತ್ತದೆ. ನೆತ್ತಿಯ ಆಚೆ ಏನಿದೆ ಅಂತ ಕೆಳಗಿನಿಂದ ಕಾಣುವುದಿಲ್ಲ. ಹಾಗಾಗಿ ನೆತ್ತಿಯಲ್ಲಿ ರೇಸ್ ಬಿಡಲೇಬೇಕು, ಆಚೆ ನೋಡಲೇಬೇಕು, ಇಳಿದ ಕೂಡಲೇ ಮುಂದಿನ ಏರಿಗೆ ಮತ್ತೆ ಕೊಡಲೇಬೇಕು. ನನ್ನ ಹೋಲಿಕೆ ಪೂರ್ತಿ ನಿಂತಿರುವುದು ಈ ಗಳಿಗೆಯ ಮೇಲೆ.

ಚಾಸಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೀಮ್‌ಲೆಸ್ ಪೈಪು, ಹಿಂದೆ ಡಿಫರೆನ್ಶಿಯಲ್ ಇಲ್ಲದ, ಎರಡೂ ಗಾಲಿ ಒಟ್ಟಿಗೇ ತಿರುಗುವ ಗಟ್ಟಿ ಆಕ್ಸಲ್, ಅದಕ್ಕೆ ಬೈಕಿನ ಚೈನ್, ಆಕ್ಸಲ್ ಮೇಲೆಯೇ ಡಿಸ್ಕ್ ಬ್ರೇಕ್. ಬೈಕ್ ಎಂಜಿನ್‌ಗೆ ರಿವರ್ಸ್ ಇರುವುದಿಲ್ಲ, ಸಿಕ್ಕಿಕೊಂಡರೆ ಇಳಿದು ಎಳೆಯಬೇಕು. ಗಣಿ ಲಾರಿಗಳ ಕೆಲಸ ಮಾಡಿ ಪಳಗಿದ ವೆಲ್ಡರ್‌ಗಳು ನಮ್ಮೂರಲ್ಲಿ ಇರುವುದರಿಂದ ಈ ಕೆಲಸ ಕಷ್ಟವಾಗಲಿಲ್ಲ. ಇಂಥ ಗಾಡಿಗೆ ನೋಂದಣಿ ಇಲ್ಲ, ರಸ್ತೆಗೆ ಇಳಿಸುವ ಹಾಗಿಲ್ಲ. ಟಾಟಾ ಏಸ್ ಮೇಲೆ ಹೊತ್ತುಕೊಂಡು ಹೋಗಿ, ಹೊತ್ತುಕೊಂಡೇ ಬರಬೇಕು. ಹೆಲ್ಮೆಟ್, ಎದುರಿನವರಿಗೆ ಕಾಣಲು ಎತ್ತರದ ಕಡ್ಡಿಗೆ ಬಾವುಟ, ಸವಾರ ಬಿದ್ದರೆ ಎಂಜಿನ್ ಆಫ್ ಆಗುವ ದಾರದ ಸ್ವಿಚ್: ಇವು ಮೂರೂ ಇಲ್ಲದೆ ಎಂಜಿನ್ ಶುರು ಮಾಡಬೇಡಿ.

ಟೈರು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ಹಿಂದೆ ಪ್ಯಾಡಲ್ ಟೈರ್ ಇಲ್ಲದಿದ್ದರೆ ಯಾವ ಎಂಜಿನ್ ಹಾಕಿದರೂ ಗುಂಡಿ ತೋಡುವುದಷ್ಟೇ ಕೆಲಸ. ಈ ಟೈರಿಗೆ ಅಡ್ಡಡ್ಡ ರಬ್ಬರ್ ಹಲಗೆಗಳಿರುತ್ತವೆ, ಅವು ಉಸುಕನ್ನು ಹಿಂದಕ್ಕೆ ಎಸೆದು ಗಾಡಿಯನ್ನು ಮುಂದಕ್ಕೆ ತಳ್ಳುತ್ತವೆ. ಹಲಗೆ ದೊಡ್ಡದಾದಷ್ಟೂ ಹಿಡಿತ ಜಾಸ್ತಿ, ಎಂಜಿನ್ ಮೇಲೆ ಭಾರವೂ ಜಾಸ್ತಿ. 650 ಟ್ವಿನ್ ಎಂಜಿನ್ ಬರುವ ಇಂಟರ್‌ಸೆಪ್ಟರ್ ಬೈಕಿನ ಹಿಂದಿನ ಟೈರ್ ಸುಮಾರು 25 ಇಂಚು ವ್ಯಾಸದ್ದು, ಕ್ವಾಡ್‌ನದು 20 ಇಂಚು. ಅಲ್ಲಿಗೇ ಗೇರಿಂಗ್ ಐದರಲ್ಲಿ ಒಂದು ಪಾಲು ತಗ್ಗಿತು, ಸ್ಪ್ರಾಕೆಟ್ ಜೊತೆ ಆಮೇಲೆ ಆಡಿದರೆ ಸಾಕು. ಗಾಳಿ 6-7 ಪಿಎಸ್‌ಐ ಇಟ್ಟರೆ ಉಸುಕಿನಲ್ಲಿ ಚೆನ್ನ. ಆದರೆ ನಮ್ಮ ಕಡೆ ಬಳ್ಳಾರಿ ಜಾಲಿ ಇದೆಯಲ್ಲ, ಅದರ ಮುಳ್ಳು ಇಷ್ಟು ಮೆತ್ತಗಿನ ಟೈರನ್ನು ಸುಮ್ನೆ ಬಿಡುವುದಿಲ್ಲ. ಒಳಗೆ ತೂತು ಮುಚ್ಚುವ ಸೀಲೆಂಟ್ ಹಾಕಿಯೇ ಹೊರಡಬೇಕು.

ಈಗ ಎಂಜಿನ್‌ಗೆ ಬರೋಣ. 390ರ ಮೇಲೆ ಎಲ್ಲರಿಗೂ ಆಸೆ. ಹಗುರ, ನೀರಿನಿಂದ ತಂಪಾಗುತ್ತದೆ, 43 ಹಾರ್ಸ್‌ಪವರ್ ಇದೆ. ಅದಕ್ಕೆ ನಾವು ಕಟ್ಟಿದ್ದು ಮಾರುತಿ ಸ್ವಿಫ್ಟ್ 1.3 ಡೀಸೆಲ್‌ನ ಚಿಕ್ಕ ಟರ್ಬೊ, ಬೋರ್ಗ್‌ವಾರ್ನರ್ ಕೆಪಿ35. ಗುಜರಿಯಲ್ಲಿ ಸಿಗುವ ಚಿಕ್ಕ ಟರ್ಬೊಗಳಲ್ಲಿ ಸುಲಭವಾಗಿ ಕೈಗೆ ಬರುವುದು ಇದೇ. ಕೊಳ್ಳುವಾಗ ಕಂಪ್ರೆಸರ್ (ಗಾಳಿ ಒತ್ತುವ) ಕಡೆಯ ನಟ್ ಹಿಡಿದು ಶಾಫ್ಟ್ ಅಲುಗಾಡಿಸಿ ನೋಡಿ. ಅಡ್ಡಡ್ಡ ಕೂದಲೆಳೆಯಷ್ಟು ಆಡಿದರೆ ಪರವಾಗಿಲ್ಲ, ಹಿಂದೆ ಮುಂದೆ ಆಡಿದರೆ ಬೇಡ. ನಮಗೆ ಮೊದಲು ಮಾರಿದವರು ಚೆನ್ನಾಗಿ ತೊಳೆದು ಹೊಳಪು ಕೊಟ್ಟಿದ್ದ ಟರ್ಬೊ ಒಳಗೆ ಪೂರ್ತಿ ಸವೆದಿತ್ತು.

390ರ ಕಷ್ಟ ಶುರುವಾಗುವುದು ಕಂಪ್ರೆಷನ್‌ನಿಂದ, ಅಂದರೆ ಸಿಲಿಂಡರ್ ಒಳಗಿನ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಪಿಸ್ಟನ್ ಎಷ್ಟು ಪಾಲು ಒತ್ತುತ್ತದೆ ಅನ್ನುವುದರಿಂದ. ಅದರದು 12.6ಕ್ಕೆ 1. ಟರ್ಬೊ ಇಲ್ಲದೆಯೇ ಅಷ್ಟು ಒತ್ತುವ ಎಂಜಿನ್‌ಗೆ ಮೇಲಿಂದ ಮತ್ತೆ ಗಾಳಿ ತುರುಕಿದರೆ ನಾಕಿಂಗ್ (ಮಿಶ್ರಣ ಹೊತ್ತಲ್ಲದ ಹೊತ್ತಿಗೆ ತಾನೇ ಸಿಡಿಯುವುದು) ಖಚಿತ, ನಾಕಿಂಗ್ ಆದರೆ ಪಿಸ್ಟನ್ ತೂತು. 1982ರಲ್ಲಿ ಹೋಂಡಾ ಸಿಎಕ್ಸ್500 ಟರ್ಬೊ ತಂದಾಗ 10ಕ್ಕೆ 1 ಇದ್ದ ಕಂಪ್ರೆಷನ್ ಅನ್ನು 7.2ಕ್ಕೆ ಇಳಿಸಿತ್ತು. ನಾವು ಸಿಲಿಂಡರ್ ಬುಡಕ್ಕೆ 1.5 ಮಿಲಿಮೀಟರ್ ದಪ್ಪದ ಪ್ಲೇಟ್ ಕೊಟ್ಟೆವು. ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ಉದ್ದ, 60 ಮಿಲಿಮೀಟರ್ ಆದ್ದರಿಂದ ಲೆಕ್ಕಕ್ಕೆ ಇದು 10ಕ್ಕೆ 1ರ ಹತ್ತಿರ ಬಂದು ನಿಲ್ಲುತ್ತದೆ. ಸಿಲಿಂಡರ್ ಮೇಲೇರಿದರೆ ಕ್ಯಾಮ್ ಟೈಮಿಂಗ್ (ವಾಲ್ವ್ ತೆರೆದು ಮುಚ್ಚುವ ಹೊತ್ತು) ಕೂಡ ಸ್ವಲ್ಪ ಸರಿಯುತ್ತದೆ, ಅದನ್ನು ಮತ್ತೆ ಹೊಂದಿಸಬೇಕು. ಎಂಜಿನ್ ನಡೆಸುವ ಕಂಪನಿಯ ಕಂಪ್ಯೂಟರ್ (ಇಸಿಯು) ಬೂಸ್ಟ್ ಅನ್ನು, ಅಂದರೆ ಟರ್ಬೊ ಕೊಡುವ ಹೆಚ್ಚಿನ ಒತ್ತಡವನ್ನು, ಓದುವುದೇ ಇಲ್ಲ, ಬೇರೆ ಇಸಿಯು, ಆ ಒತ್ತಡ ಅಳೆಯುವ 3 ಬಾರ್ ಮ್ಯಾಪ್ ಸೆನ್ಸರ್, ದೊಡ್ಡ ಇಂಜೆಕ್ಟರ್, ಗಾಳಿ-ಪೆಟ್ರೋಲ್ ಹದ ತೋರಿಸುವ ವೈಡ್‌ಬ್ಯಾಂಡ್ ಸೆನ್ಸರ್ ಎಲ್ಲ ಬೇಕು. ಟರ್ಬೊ ಅಗ್ಗ, ಅದರ ಸುತ್ತಲಿನ ಸಾಮಾನು ಅಗ್ಗವಲ್ಲ.

ಇಷ್ಟೆಲ್ಲ ಆದ ಮೇಲೆ ಅದು ಹೇಗೆ ಓಡಿತು? ಸಪಾಟು ಉಸುಕಿನಲ್ಲಿ ಅದ್ಭುತ. 6,000 ಆರ್‌ಪಿಎಂ ದಾಟಿದ ಮೇಲೆ ಟರ್ಬೊ ಎದ್ದು ನಿಂತರೆ ಮುಂದಿನ ಗಾಲಿ ಹಗುರಾಗುತ್ತದೆ, ಮೈ ಜುಮ್ ಅನ್ನುತ್ತದೆ. ಆ ಖುಷಿಯನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಗುಡ್ಡದ ನೆತ್ತಿಯಲ್ಲಿ ರೇಸ್ ಬಿಟ್ಟು ಮತ್ತೆ ಕೊಟ್ಟರೆ ಟರ್ಬೊ ಏಳುವಷ್ಟರಲ್ಲಿ ಪ್ಯಾಡಲ್ ಟೈರ್ ಎಂಜಿನ್ ಅನ್ನು ಹಿಡಿದು ಕೆಳಗೆ ಎಳೆದಿರುತ್ತದೆ. ಆರ್‌ಪಿಎಂ ಬಿತ್ತು, ಎಕ್ಸಾಸ್ಟ್ ಗಾಳಿ ಕಡಿಮೆಯಾಯಿತು, ಟರ್ಬೊ ಇನ್ನೂ ನಿಧಾನವಾಯಿತು. ಗಾಡಿ ಅಲ್ಲೇ ಹೂತಿತು. ಕಾರಣ ಸರಳ. 1248 ಸಿಸಿಯ ಎಂಜಿನ್‌ಗೆ ಮಾಡಿದ ಟರ್ಬೊವನ್ನು 373 ಸಿಸಿ ತಿರುಗಿಸಬೇಕು, ಅದೂ ಎರಡು ಸುತ್ತಿಗೆ ಒಂದೇ ಸಲ ಉಸಿರು ಬಿಡುವ ಸಿಂಗಲ್. ಒಳಗೆಳೆಯುವುದೂ ಎರಡು ಸುತ್ತಿಗೆ ಒಂದೇ ಸಲ, ಹಾಗಾಗಿ ಥ್ರಾಟಲ್ ಮುಂದೆ ಗಾಳಿ ಕೂಡಿಡಲು ಮೂರು ಲೀಟರಿನಷ್ಟು ಡಬ್ಬಿ ಬೇಕು. ಆ ಡಬ್ಬಿ ತುಂಬುವುದಕ್ಕೂ ಹೊತ್ತು ಹಿಡಿಯುತ್ತದೆ.

ಸಾದಾ 650 ಇದಕ್ಕೆ ತದ್ವಿರುದ್ಧ. 648 ಸಿಸಿ, 47 ಹಾರ್ಸ್‌ಪವರ್, 52 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). 2,500 ಆರ್‌ಪಿಎಂಗೇ ಟಾರ್ಕಿನ ನೂರಕ್ಕೆ 80 ಪಾಲು ಸಿಗುತ್ತದೆ ಅಂತ ಕಂಪನಿ ಹೇಳುತ್ತದೆ, ಉಸುಕಿನಲ್ಲಿ ಓಡಿಸಿದ ನಾನೂ ಹೌದು ಅನ್ನುತ್ತೇನೆ. ನೆತ್ತಿಯಲ್ಲಿ ರೇಸ್ ಬಿಟ್ಟು ಮತ್ತೆ ಮುಟ್ಟಿದರೆ ಸಾಕು, ಗಾಡಿ ಎಳೆದುಕೊಂಡು ಹೋಗುತ್ತದೆ. ಗೇರ್ ತಪ್ಪಿದರೂ ಕ್ಷಮಿಸುತ್ತದೆ. ಹೊಸಬರನ್ನು ಕೂರಿಸಲು ಧೈರ್ಯ ಬರುವುದು ಇದರ ಮೇಲೆಯೇ. ಇದರ ತೂಕ ಮಾತ್ರ ಗೊತ್ತಾಗುತ್ತದೆ, ಮೆತ್ತಗಿನ ಉಸುಕಿನಲ್ಲಿ ತಿರುಗಿಸುವಾಗ ಮುಂದಿನ ಗಾಲಿ ಹೂಳುತ್ತದೆ. ಎಂಜಿನ್ ಅನ್ನು ಜಾಗ ಇದ್ದಷ್ಟು ಹಿಂದಕ್ಕೆ ಸರಿಸಿ ಕೂರಿಸಿದ ಮೇಲೆ ಸ್ವಲ್ಪ ಸುಧಾರಿಸಿತು. ಕಡಿದಾದ ಏರಿನ ಕೊನೆಗೆ ಇನ್ನಷ್ಟು ಬೇಕು ಅನ್ನಿಸುತ್ತದೆ, ಅಷ್ಟೇ.

ಆ ಇನ್ನಷ್ಟಕ್ಕಾಗಿಯೇ ಮೂರನೆಯ ಜೋಡಣೆ. 650ರ ಕಂಪ್ರೆಷನ್ 9.5ಕ್ಕೆ 1, ಹಾಗಾಗಿ ಕಡಿಮೆ ಬೂಸ್ಟ್‌ಗೆ ಒಳಗೆ ಕೈ ಹಾಕದೆಯೇ ದಾರಿ ಇದೆ. ವೇಸ್ಟ್‌ಗೇಟ್ ಅಂದರೆ ಬೂಸ್ಟ್ ಮಿತಿ ಮೀರದಂತೆ ಎಕ್ಸಾಸ್ಟ್ ಗಾಳಿಯನ್ನು ಪಕ್ಕಕ್ಕೆ ಬಿಡುವ ಬಾಗಿಲು; ಡೀಸೆಲ್‌ಗೆ ಇಟ್ಟ ಅದರ ಸ್ಪ್ರಿಂಗ್ ಬಹಳ ಗಟ್ಟಿ, ಅದನ್ನು ತೆಗೆದು 0.4 ಬಾರ್‌ಗೆ ತೆರೆಯುವ ಮೆತ್ತಗಿನದು ಹಾಕಿದೆವು. ಡೀಸೆಲ್‌ಗಿಂತ ಪೆಟ್ರೋಲ್ ಎಕ್ಸಾಸ್ಟ್ ಜಾಸ್ತಿ ಬಿಸಿ, ಆದ್ದರಿಂದ ಈ ಟರ್ಬೊದಿಂದ ಅತಿಯಾಸೆ ಪಡಬಾರದು. ಕವಾಸಾಕಿ 1984ರ 750 ಟರ್ಬೊದಲ್ಲಿ ಟರ್ಬೊವನ್ನು ಎಂಜಿನ್‌ನ ಮುಂದೆ, ಎಕ್ಸಾಸ್ಟ್ ಬಾಯಿಯ ಹತ್ತಿರವೇ ಇಟ್ಟಿತ್ತು. ಪೈಪು ಗಿಡ್ಡವಾದಷ್ಟೂ ಟರ್ಬೊ ಬೇಗ ಏಳುತ್ತದೆ. ನಾವೂ ಹಾಗೆಯೇ ಇಟ್ಟೆವು, ಮುಂದಿನ ಗಾಲಿ ಎರಚುವ ಉಸುಕು ಬಡಿಯದಂತೆ ತಗಡಿನ ಮರೆ ಕೊಟ್ಟು.

ಅದೇ ಟರ್ಬೊ, ಅದೇ ಗುಡ್ಡ, ಆದರೆ ಓಟ ಬೇರೆ. ಬೂಸ್ಟ್ 4,000ದ ಹತ್ತಿರವೇ ಶುರುವಾಗುತ್ತದೆ. ಅದಕ್ಕಿಂತ ಕೆಳಗೂ ಎಂಜಿನ್ ಸೋಲುವುದಿಲ್ಲ, ಯಾಕೆಂದರೆ ಟರ್ಬೊ ಮಲಗಿದ್ದರೂ 650ರ ಟಾರ್ಕ್ ಅಲ್ಲೇ ಇರುತ್ತದೆ. ನೆತ್ತಿಯಲ್ಲಿ ರೇಸ್ ಬಿಟ್ಟಾಗ ಬ್ಲೋ-ಆಫ್ ವಾಲ್ವ್ ಗಾಳಿ ಹೊರಹಾಕುತ್ತದೆ, ಮತ್ತೆ ಕೊಟ್ಟಾಗ ಮೊದಲು ಎಂಜಿನ್ ಎಳೆಯುತ್ತದೆ, ಹಿಂದೆಯೇ ಟರ್ಬೊ ಬಂದು ಸೇರಿಕೊಳ್ಳುತ್ತದೆ. ಸಾದಾ 650 ಏದುಸಿರು ಬಿಡುತ್ತಿದ್ದ ಆ ಕೊನೆಯ ಏರನ್ನು ಇದು ಮೂರನೇ ಗೇರಿನಲ್ಲೇ ದಾಟಿತು. ಕ್ಲಚ್ ಜಾರತೊಡಗಿತು, ಗಟ್ಟಿ ಸ್ಪ್ರಿಂಗ್ ಹಾಕಿದ ಮೇಲೆ ನಿಂತಿತು.

ಹಾಗಾದರೆ 650 ಟರ್ಬೊವೇ ಗೆದ್ದಿತಲ್ಲ ಅಂತೀರಾ? ನಮ್ಮ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬಳ್ಳಾರಿ ಸಮುದ್ರಮಟ್ಟದಿಂದ 480 ಮೀಟರಿನಷ್ಟು ಮೇಲಿದೆ. ಆ ಎತ್ತರ, ಅದರ ಜೊತೆ 40 ಡಿಗ್ರಿ ಬಿಸಿಲು ಸೇರಿದರೆ, ಸಮುದ್ರಮಟ್ಟದ 15 ಡಿಗ್ರಿ ಗಾಳಿಗಿಂತ ಎಂಟರಲ್ಲಿ ಒಂದು ಪಾಲು ತೆಳುವಾದ ಗಾಳಿ ಎಂಜಿನ್‌ಗೆ ಸಿಗುತ್ತದೆ. ಈ ಕೊರತೆ ತುಂಬುವುದು ಟರ್ಬೊದ ಪುಣ್ಯ. ಆದರೆ ಗಾಳಿ ಒತ್ತಿದರೆ ಬಿಸಿಯಾಗುತ್ತದೆ. 40 ಡಿಗ್ರಿ ಗಾಳಿಯನ್ನು 0.4 ಬಾರ್ ಒತ್ತಿದರೆ 90 ಡಿಗ್ರಿ ಹತ್ತಿರ, 0.7 ಒತ್ತಿದರೆ 120ರ ಹತ್ತಿರ ಹೋಗುತ್ತದೆ. ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಬೇಕೇ ಬೇಕು. ಉಸುಕಿನಲ್ಲಿ ವೇಗ ಕಡಿಮೆ, ಎದುರು ಗಾಳಿ ಸಾಲದು, ಹಾಗಾಗಿ ಅದಕ್ಕೊಂದು ಫ್ಯಾನ್. ಇನ್ನು 650 ಗಾಳಿ ಮತ್ತು ಆಯಿಲ್‌ನಿಂದ ತಣಿಯುವ ಎಂಜಿನ್, ಆಯಿಲ್ ಕೂಲರ್‌ಗೂ ಒಂದು ಫ್ಯಾನ್. ಇಲ್ಲಿ ಮಾತ್ರ ನೀರಿನ 390 ಸ್ಪಷ್ಟವಾಗಿ ಮೇಲು, ಅದು ಬಿಸಿಲಿಗೆ ಬೆದರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಾವು 650 ಟರ್ಬೊವನ್ನು ಬೆಳಗಿನ ಜಾವ ಬಿಟ್ಟು ಓಡಿಸುವುದೇ ಇಲ್ಲ. ಬೆಳಗ್ಗೆ ಉಸುಕೂ ತುಸು ಬಿಗಿಯಾಗಿರುತ್ತದೆ.

ಇನ್ನೊಂದು, ಏರ್ ಫಿಲ್ಟರ್. ಹಗರಿ ಉಸುಕಿನ ನುಣುಪು ಪುಡಿ ಒಂದು ಚಿಟಿಕೆ ಒಳಹೊಕ್ಕರೂ ಮೊದಲು ಟರ್ಬೊದ ರೆಕ್ಕೆ, ಆಮೇಲೆ ರಿಂಗು ಸವೆಯುತ್ತವೆ. ಆಯಿಲ್ ಹಚ್ಚಿದ ಫೋಮ್ ಫಿಲ್ಟರ್, ಅದರ ಮೇಲೆ ಬಟ್ಟೆಯ ಚೀಲ, ಎತ್ತರದಲ್ಲಿ ಸೀಟಿನ ಕೆಳಗೆ. ಪ್ರತಿ ಸಲ ಬಂದ ಮೇಲೆ ಬಿಚ್ಚಿ ತೊಳೆಯಬೇಕು. ಟರ್ಬೊ ಗಾಡಿಯನ್ನು ಓಡಿಸಿ ಬಂದ ಕೂಡಲೇ ಆಫ್ ಮಾಡಬಾರದು, ಒಂದೆರಡು ನಿಮಿಷ ಸುಮ್ಮನೆ ಓಡಲು ಬಿಡಬೇಕು. ಇಲ್ಲದಿದ್ದರೆ ಬೇರಿಂಗ್‌ನಲ್ಲಿ ಆಯಿಲ್ ಸುಟ್ಟು ಕರಿ ಕಟ್ಟುತ್ತದೆ.

ನನ್ನನ್ನು ಕೇಳಿದರೆ, ಒಂದೇ ಗಾಡಿಗೆ ದುಡ್ಡಿದ್ದವರು ಸಾದಾ 650 ಕಟ್ಟಲಿ. ಉದ್ದನೆಯ ಸಪಾಟು ಉಸುಕು ಸಿಗುವ ಜಾಗವಿದ್ದು, ಟ್ಯೂನಿಂಗ್ ಕಲಿಯುವ ಹಂಬಲವಿದ್ದರೆ 390 ಟರ್ಬೊ ಒಳ್ಳೆಯ ಗುರು. ನಮ್ಮಂಥ ಗುಡ್ಡಕ್ಕೆ ಮೂರರಲ್ಲಿ ಮೇಲು ಕಡಿಮೆ ಬೂಸ್ಟ್‌ನ 650 ಟರ್ಬೊ, ಆದರೆ ಅದನ್ನು ಎರಡನೇ ಹಂತವಾಗಿ ಮಾಡಿ. ಸಾದಾ 650 ಕಟ್ಟುವಾಗಲೇ ಎಂಜಿನ್ ಮುಂದೆ ಟರ್ಬೊಗೆ ಒಂದು ಗೇಣು ಜಾಗ ಬಿಡಿ. ಟರ್ಬೊದ ಆಯಿಲ್ ತನ್ನ ಪಾಡಿಗೆ ಕೆಳಗೆ ಇಳಿದು ಹೋಗಬೇಕು, ಅದಕ್ಕೆ ಅಗಲವಾದ ರಿಟರ್ನ್ ಪೈಪು ಬೇಕು. ಆ ಪೈಪು ಎಂಜಿನ್‌ಗೆ ಕೂರುವ ತೂತನ್ನು, ಎಂಜಿನ್ ಬೆಂಚಿನ ಮೇಲೆ ಬಿಚ್ಚಿರುವಾಗಲೇ, ಆಯಿಲ್ ಮಟ್ಟಕ್ಕಿಂತ ಮೇಲೆ ಮಾಡಿಸಿ ಬೋಲ್ಟ್ ಹಾಕಿ ಮುಚ್ಚಿಡಿ. ಆಮೇಲೆ ಮಾಡಿಸಲು ಹೋದರೆ ಎಂಜಿನ್ ಪೂರ್ತಿ ಇಳಿಸಬೇಕಾಗುತ್ತದೆ.