ಟ್ರಿಪ್ಸಿನ್, ಆಕ್ಯುಟೇಸ್, ಬರೀ ಇಡಿಟಿಎ: ಕೋಶ ಬಿಡಿಸುವ ದಾರಿಗೂ ಎಣಿಕೆಗೂ ಇರುವ ನಂಟು

"ಅಕ್ಕ, ಹತ್ತು ನಿಮಿಷ ಆಯ್ತು, ಇವು ಇನ್ನೂ ಬಿಡ್ತಾನೇ ಇಲ್ಲ." ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗಿ ಮೈಕ್ರೋಸ್ಕೋಪಿನಿಂದ ತಲೆ ಎತ್ತಿ ಹೀಗಂದಳು. ಫ್ಲಾಸ್ಕಿನ ತಳಕ್ಕೆ ಅಂಟಿ ಬೆಳೆದಿದ್ದದ್ದು ಎಂಸಿಎಫ್-7 ಎಂಬ ಬಗೆಯ ಕೋಶಗಳು; ಎಣಿಸಬೇಕಾದರೂ ಬೇರೆ ಫ್ಲಾಸ್ಕಿಗೆ ಹಾಕಬೇಕಾದರೂ ಮೊದಲು ಅವನ್ನು ತಳದಿಂದ ಬಿಡಿಸಬೇಕು. ಹಿಂದಿನ ದಿನ ಅವಳೇ ಹೀಲಾ ಕೋಶಗಳನ್ನು ಮೂರು ನಿಮಿಷದಲ್ಲಿ ಬಿಡಿಸಿದ್ದಳು. ಕೋಶ ಬಿಡಿಸುವ ಟ್ರಿಪ್ಸಿನ್ ಕಿಣ್ವದ ಅದೇ ಬಾಟಲಿ, ಅದೇ 37 ಡಿಗ್ರಿ. ಇನ್ನೊಂದು ಐದು ನಿಮಿಷ ಬಿಡು ಎಂದೆ. ಆಮೇಲೆ ಟ್ಯೂಬಿನಲ್ಲಿ ಕಂಡದ್ದು ಬಿಡಿ ಕೋಶಗಳಲ್ಲ. ಲೋಳೆಸರದ ತಿರುಳಿನ ಹಾಗೆ ಪಿಪೆಟ್ಟಿನ ತುದಿಗೆ ಎಳೆಎಳೆಯಾಗಿ ಅಂಟಿಕೊಂಡ ಒಂದು ಗಂಟು. ಕೆಲವು ಕೋಶ ಒಡೆದು ಅವುಗಳ ಡಿಎನ್‌ಎ ಹೊರಗೆ ಚೆಲ್ಲಿ, ಬದುಕಿದ್ದ ಕೋಶಗಳನ್ನೂ ಒಟ್ಟಿಗೆ ಹೆಣೆದುಬಿಟ್ಟಿತ್ತು. ಆ ಟ್ಯೂಬನ್ನು ಎಣಿಸಲು ಹೋದರೆ ಯಾವ ಸಂಖ್ಯೆ ಬಂದರೂ ಅದಕ್ಕೆ ಅರ್ಥವಿಲ್ಲ.

ತಪ್ಪು ನನ್ನದೇ. ವರ್ಷಗಟ್ಟಲೆ ಕೈ ಅಭ್ಯಾಸದ ಮೇಲೆ ಕೆಲಸ ಮಾಡಿದವಳು ಆ ಹುಡುಗಿಗೆ ಸರಿಯಾದ ಕಾರಣ ಕೊಡಲಾರದೆ ನಿಂತೆ. ಅದಕ್ಕೇ ಮುಂದಿನ ಮೂರು ವಾರ ಬಿಡುವಾದಾಗಲೆಲ್ಲ ಮೂರು ಬಗೆಯ ಕೋಶಗಳನ್ನು ಇಟ್ಟುಕೊಂಡು, ಬಿಡಿಸುವ ಐದು ದಾರಿಗಳನ್ನೂ ಎಣಿಸುವ ಎರಡು ದಾರಿಗಳನ್ನೂ ಪಕ್ಕಪಕ್ಕದಲ್ಲಿ ಮಾಡಿ ನೋಡಿದೆ. ಇದು ಒಂದು ಬೆಂಚಿನ, ಒಬ್ಬಳ ಕೈಯ ಅನುಭವ. ಅಷ್ಟು ಮಿತಿಯಲ್ಲೇ ಓದಿಕೊಳ್ಳಿ.

ಮೊದಲು ಕೋಶಗಳ ಪರಿಚಯ. ಹೀಲಾ ಎಲ್ಲರಿಗೂ ಗೊತ್ತು: 1951ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಅವರ ಗರ್ಭಕೊರಳಿನ ಗೆಡ್ಡೆಯಿಂದ, ಅವರನ್ನು ಕೇಳದೆಯೇ ತೆಗೆದದ್ದು. ಎಚ್‌ಇಕೆ-293 ಮಾನವ ಭ್ರೂಣದ ಮೂತ್ರಪಿಂಡದ ಕೋಶ, ನೆದರ್ಲೆಂಡ್ಸಿನ ಲೈಡನ್ನಿನದು. ಫ್ರಾಂಕ್ ಗ್ರಹಾಂ ಅವರ 293ನೇ ಪ್ರಯೋಗದಲ್ಲಿ ಕೈಗೂಡಿದ್ದರಿಂದ ಆ ಹೆಸರು. ಎಂಸಿಎಫ್-7 ಸ್ತನ ಕ್ಯಾನ್ಸರಿನ ಕೋಶ, ಮಿಷಿಗನ್ ಕ್ಯಾನ್ಸರ್ ಫೌಂಡೇಶನ್ನಿನ ಹೆಸರು ಹೊತ್ತಿದೆ. ನಮ್ಮ ದೇಶದ ಎಷ್ಟೋ ಲ್ಯಾಬುಗಳ ಹಾಗೆ ನಮಗೂ ಇವು ಬಂದದ್ದು ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ. ಮೂರೂ ಡಿಎಂಇಎಂ ಮೀಡಿಯಾ (ಕೋಶಗಳ ಪೋಷಕ ದ್ರವ), ಅದಕ್ಕೆ ಶೇ. 10 ಸೀರಮ್ (ರಕ್ತದ ತಿಳಿದ್ರವ), 37 ಡಿಗ್ರಿ, ಶೇ. 5 ಇಂಗಾಲದ ಡೈಆಕ್ಸೈಡ್‌ನಲ್ಲೇ ಬೆಳೆಯುತ್ತವೆ. ಆದರೆ ನೆಲ ಹಿಡಿಯುವ ರೀತಿ ಬೇರೆಬೇರೆ. ಎಚ್‌ಇಕೆ ಎಷ್ಟು ಸಡಿಲವೆಂದರೆ ಮೀಡಿಯಾ ರಭಸವಾಗಿ ಸುರಿದರೂ ಹಾಳೆಯಾಗಿ ಏಳುತ್ತದೆ. ಹೀಲಾ ನಡುಮಟ್ಟದ್ದು. ಎಂಸಿಎಫ್-7 ದ್ವೀಪದ್ವೀಪವಾಗಿ ಬೆಳೆದು, ನೆಲಕ್ಕಿಂತ ಹೆಚ್ಚಾಗಿ ಒಂದನ್ನೊಂದು ತಬ್ಬಿಕೊಂಡಿರುತ್ತದೆ. ನನ್ನ ಹೋಲಿಕೆಯಲ್ಲಿ ಗೆಲುವು ಸೋಲು ತೀರ್ಮಾನವಾದದ್ದೆಲ್ಲ ಈ ತಬ್ಬುಗೆಯ ಮೇಲೇ.

ಟ್ರಿಪ್ಸಿನ್ನಿಗೆ ದೊಡ್ಡ ಇತಿಹಾಸವಿದೆ. 1916ರಲ್ಲೇ ಪೇಟನ್ ರೌಸ್ ಮತ್ತು ಜೋನ್ಸ್ ಅಂಗಾಂಶದ ಕೋಶಗಳನ್ನು ಬಿಡಿಬಿಡಿಯಾಗಿಸಲು ಇದನ್ನು ಬಳಸಿದ್ದರು. ಪ್ರೋಟೀನಿನಲ್ಲಿ ಲೈಸೀನ್ ಅಥವಾ ಆರ್ಜಿನೀನ್ ಎಲ್ಲಿದೆಯೋ ಅದರ ಪಕ್ಕಕ್ಕೆ ಕತ್ತರಿ ಹಾಕುತ್ತದೆ. ಜೊತೆಗಿರುವ ಇಡಿಟಿಎ ಎಂಬ ರಾಸಾಯನಿಕ, ಕೋಶಗಳ ಬೆಸುಗೆಗೆ ಬೇಕಾದ ಕ್ಯಾಲ್ಸಿಯಂ ಅನ್ನು ಕಸಿದುಕೊಳ್ಳುತ್ತದೆ. ನಾನು ಬಳಸಿದ್ದು ಶೇ. 0.25ರದು. ಹೀಲಾ ಫ್ಲಾಸ್ಕಿನ ಮೀಡಿಯಾ ತೆಗೆದು, ಕ್ಯಾಲ್ಸಿಯಂ ಇಲ್ಲದ ಉಪ್ಪುನೀರಾದ ಪಿಬಿಎಸ್‌ನಲ್ಲಿ ಎರಡು ಸಲ ತೊಳೆದು ಒಂದು ಮಿಲಿಲೀಟರ್ ಹಾಕಿದರೆ, ಎರಡನೇ ನಿಮಿಷಕ್ಕೆ ಚಪ್ಪಟೆಯಾಗಿ ಹರಡಿದ್ದ ಕೋಶಗಳ ಅಂಚು ಒಳಗೆ ಸರಿಯುತ್ತದೆ, ಸುತ್ತ ಒಂದು ಹೊಳೆವ ಉಂಗುರ ಮೂಡುತ್ತದೆ. ಫ್ಲಾಸ್ಕಿನ ಪಕ್ಕಕ್ಕೆ ಅಂಗೈಯಿಂದ ಮೆಲ್ಲಗೆ ತಟ್ಟಿ ಬೆಳಕಿಗೆ ಹಿಡಿದರೆ ಮಂಜಿನ ತೆರೆ ಜಾರಿದ ಹಾಗೆ ಕೆಳಗಿಳಿಯುತ್ತವೆ. ಇಷ್ಟು ವರ್ಷವಾದರೂ ಆ ನೋಟ ನನಗೆ ಸಾಕೆನಿಸಿಲ್ಲ. ತೊಳೆಯುವುದರಲ್ಲಿ ಜಿಪುಣತನ ಮಾಡಬೇಡಿ: ಉಳಿದ ಸೀರಮಿನಲ್ಲಿ ಟ್ರಿಪ್ಸಿನ್ನನ್ನು ತಡೆಯುವ ಪ್ರೋಟೀನುಗಳಿವೆ. 'ಟ್ರಿಪ್ಸಿನ್ ಹಳೆಯದಾಗಿದೆ' ಎಂದು ಬಾಟಲಿಯನ್ನು ದೂರುವ ಮುಂಚೆ ಸರಿಯಾಗಿ ತೊಳೆದಿರಾ ಎಂದು ನೋಡಿಕೊಳ್ಳಿ. ಕೆಲಸ ಮುಗಿದ ಮೇಲೆ ಅದನ್ನು ನಿಲ್ಲಿಸುವುದೂ ಇದೇ ಸೀರಮ್.

ಹೀಲಾ, ಎಚ್‌ಇಕೆ ಎರಡಕ್ಕೂ ಟ್ರಿಪ್ಸಿನ್ನಿಗಿಂತ ಬೇರೆ ಏನೂ ಬೇಡ. ಅಗ್ಗ, ಬೇಗ, ಬದುಕಿದ ಕೋಶ ಶೇ. 95ರ ಮೇಲೆಯೇ. ಎಚ್‌ಇಕೆಗೆ ಒಂದೇ ನಿಮಿಷ ಸಾಕು; ತಟ್ಟುವುದನ್ನು ಬಿಟ್ಟು, ಏಳುವವರೆಗೆ ಕಾದರೆ ಗಂಟೂ ಕಡಿಮೆ. ಎಂಸಿಎಫ್-7ರಲ್ಲಿ ಮಾತ್ರ ಟ್ರಿಪ್ಸಿನ್ ನನ್ನನ್ನು ಇಕ್ಕಟ್ಟಿಗೆ ಸಿಕ್ಕಿಸಿತು. ಐದು ನಿಮಿಷಕ್ಕೆ ನಿಲ್ಲಿಸಿದರೆ ಹತ್ತು ಹದಿನೈದು ಕೋಶಗಳ ಗೊಂಚಲು, ಹದಿನೈದು ನಿಮಿಷ ಬಿಟ್ಟರೆ ಮೊದಲು ಹೇಳಿದ ಲೋಳೆ.

ಟ್ರಿಪಲ್ (TrypLE) ಎಂದು ಕರೆಯುವ ಕಿಣ್ವ ಹಂದಿಯ ಮೇದೋಜೀರಕದಿಂದ ತೆಗೆದದ್ದಲ್ಲ, ಶಿಲೀಂಧ್ರ ಮೂಲದ್ದು. ಕೋಣೆಯ ಉಷ್ಣತೆಯಲ್ಲೇ ಕೆಡದೆ ಇರುತ್ತದೆ, ಸೀರಮ್ ಇಲ್ಲದ ಮೀಡಿಯಾದಲ್ಲಿ ಬೆಳೆಸುವವರು ಬರೀ ತೆಳುಗೊಳಿಸಿ ನಿಲ್ಲಿಸಬಹುದು. ಟ್ರಿಪ್ಸಿನ್ನಿಗಿಂತ ಎರಡು ಮೂರು ನಿಮಿಷ ಹೆಚ್ಚು ಕೇಳಿತು, ಆದರೆ ಮರೆತು ಐದು ನಿಮಿಷ ಮೀರಿದರೂ ಕ್ಷಮಿಸಿತು. ಹೊಸಬರ ಕೈಗೆ ಇದನ್ನು ಕೊಡಲು ನನಗೆ ಭಯವಿಲ್ಲ.

ಎಂಸಿಎಫ್-7ಕ್ಕೆ ನಿಜವಾಗಿ ಒದಗಿದ್ದು ಆಕ್ಯುಟೇಸ್. ಇದರಲ್ಲಿ ಪ್ರೋಟೀನ್ ಕತ್ತರಿಸುವ ಕಿಣ್ವವೂ ಕೊಲಾಜನ್ ಕತ್ತರಿಸುವ ಕಿಣ್ವವೂ ಸೇರಿವೆ. 37 ಡಿಗ್ರಿಯಲ್ಲಿ ತನ್ನಷ್ಟಕ್ಕೆ ತಾನೇ ಶಕ್ತಿ ಕಳೆದುಕೊಳ್ಳುತ್ತದೆ. ನಾನು ಇನ್ಕ್ಯುಬೇಟರಿಗೆ ಇಡದೆ ಹುಡ್‌ನಲ್ಲೇ ಎಂಟು ಹತ್ತು ನಿಮಿಷ ಬಿಟ್ಟೆ. ಗೊಂಚಲುಗಳು ದ್ರಾಕ್ಷಿ ಉದುರಿದ ಹಾಗೆ ಬಿಡಿಯಾದವು. ಬೆಲೆ ಟ್ರಿಪ್ಸಿನ್ನಿನ ಹಲವು ಪಟ್ಟು. ದಿನನಿತ್ಯದ ಪಾಸೇಜಿಗೆ (ಕೋಶಗಳನ್ನು ಹೊಸ ಫ್ಲಾಸ್ಕಿಗೆ ಹಂಚುವುದಕ್ಕೆ) ಇದನ್ನು ಸುರಿಯುವುದು ದುಂದು; ಎಣಿಸಿ ಹಾಕಬೇಕಾದ ದಿನ ಮಾತ್ರ ತೆಗೆಯುತ್ತೇನೆ.

ಇನ್ನು ಕಿಣ್ವವೇ ಇಲ್ಲದ, ಬರೀ ಇಡಿಟಿಎ ದಾರಿ. ಇದರ ಬಗ್ಗೆ ತುಸು ನಿಧಾನವಾಗಿ ಹೇಳಬೇಕು, ಏಕೆಂದರೆ ಅನೇಕರು ಇದನ್ನು 'ಸೌಮ್ಯ' ಎಂಬ ಒಂದೇ ಮಾತಿಗೆ ಆಯ್ದುಕೊಳ್ಳುತ್ತಾರೆ. ಎಂಸಿಎಫ್-7 ಕೋಶಗಳು ಒಂದನ್ನೊಂದು ಹಿಡಿದಿರುವುದು ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನಿನಿಂದ. 1970ರ ದಶಕದಲ್ಲಿ ಜಪಾನಿನ ಮಸತೋಶಿ ತಾಕೇಚಿ ಒಂದು ಸೊಗಸಾದ ವಿಷಯ ತೋರಿಸಿದರು: ಕ್ಯಾಲ್ಸಿಯಂ ಇದ್ದಾಗ ಟ್ರಿಪ್ಸಿನ್ ಹಾಕಿದರೆ ಈ ಬಗೆಯ ಬೆಸುಗೆ ಉಳಿಯುತ್ತದೆ, ಕ್ಯಾಲ್ಸಿಯಂ ಇಲ್ಲದಿದ್ದರೆ ಟ್ರಿಪ್ಸಿನ್ ಅದನ್ನು ತಿಂದುಹಾಕುತ್ತದೆ. ಅಂದರೆ ನಾವು ದಿನಾ ಬಳಸುವ ಟ್ರಿಪ್ಸಿನ್-ಇಡಿಟಿಎ ಜೋಡಿ ಕ್ಯಾಡ್ಹೆರಿನ್ನಿನ ಮಟ್ಟಿಗೆ ಅತಿ ಕೆಟ್ಟ ಜೋಡಿ: ಒಬ್ಬ ಕಾವಲು ತೆಗೆಯುತ್ತಾನೆ, ಇನ್ನೊಬ್ಬ ಮನೆ ದೋಚುತ್ತಾನೆ. ಹೊರಮೈಯ ಇ-ಕ್ಯಾಡ್ಹೆರಿನ್ನಿಗೆ ಮಿನುಗುವ ಪ್ರತಿಕಾಯ ಅಂಟಿಸಿ, ಒಂದೊಂದೇ ಕೋಶದ ಮಿನುಗು ಅಳೆಯುವ ಫ್ಲೋ ಸೈಟೋಮೀಟರಿನಲ್ಲಿ ನೋಡಿದಾಗ, ಟ್ರಿಪ್ಸಿನ್ ಮಾಡಿದ ಕೋಶಗಳ ಸಂಕೇತ ನೆಲಕಚ್ಚಿತ್ತು. ಬರೀ ಇಡಿಟಿಎಯಲ್ಲಿ ಬಿಡಿಸಿದವು ಚೆನ್ನಾಗಿ ಮಿನುಗಿದವು. ಟ್ರಿಪ್ಸಿನ್ ಟ್ಯೂಬನ್ನಷ್ಟೇ ನೋಡಿದ್ದರೆ 'ಈ ಕೋಶದಲ್ಲಿ ಇ-ಕ್ಯಾಡ್ಹೆರಿನ್ ಇಲ್ಲ' ಎಂದೇ ಬರೆದುಬಿಡುತ್ತಿದ್ದೆ. ಆದರೆ ಅದೇ ಇಡಿಟಿಎ ಇಪ್ಪತ್ತು ನಿಮಿಷ ತೆಗೆದುಕೊಂಡಿತು, ಬಿಟ್ಟದ್ದೂ ಹಾಳೆ ಹಾಳೆಯಾಗಿ. ಪ್ರೋಟೀನ್ ನೋಡಲು ಅತ್ಯುತ್ತಮವಾದ ದಾರಿ ಎಣಿಸಲು ಅತಿ ಕೆಟ್ಟದ್ದು.

ಸ್ಕ್ರೇಪರಿನಿಂದ ಕೆರೆಯುವುದು ಕೋಶ ಒಡೆದು ಪ್ರೋಟೀನ್ ತೆಗೆಯುವವರಿಗೆ ಸರಿ. ಬದುಕಿಸಿ ಮುಂದೆ ಬೆಳೆಸುವವರಿಗೆ ಅಲ್ಲ. ನನ್ನ ಕೈಯಲ್ಲಿ ಮೂರರಲ್ಲೊಂದು ಪಾಲು ನೀಲಿಯಾಗಿತ್ತು.

ಆ ನೀಲಿ ಟ್ರೈಪಾನ್ ಬ್ಲೂ. ಬದುಕಿರುವ ಕೋಶದ ಪೊರೆ ಇದನ್ನು ಒಳಗೆ ಬಿಡುವುದಿಲ್ಲ, ಸತ್ತದ್ದು ಹೀರಿ ಕಡುನೀಲಿಯಾಗುತ್ತದೆ. ಕೋಶದ ದ್ರಾವಣವೂ ಶೇ. 0.4ರ ಬಣ್ಣವೂ ಸಮಸಮ ಬೆರೆಸಿ, ಐದು ನಿಮಿಷದೊಳಗೆ ಎಣಿಸಿ ಮುಗಿಸಬೇಕು, ತಡವಾದರೆ ಬಣ್ಣವೇ ಕೋಶಗಳನ್ನು ಕೊಲ್ಲುತ್ತದೆ. ಎಣಿಸಲು ನನ್ನ ಮುಂದಿದ್ದ ಎರಡು ದಾರಿ ಚೌಕದ ಗೆರೆ ಕೊರೆದ ನ್ಯೂಬಾವರ್ ಗಾಜು ಮತ್ತು ಟೇಬಲ್ ಮೇಲಿನ ಎಣಿಕೆ ಯಂತ್ರ.

ಗಾಜಿನದು ಸರಳ ಲೆಕ್ಕ. ಮೇಲೆ ಮುಚ್ಚುವ ತೆಳುಗಾಜನ್ನು (ಕವರ್‌ಸ್ಲಿಪ್) ಒದ್ದೆಮಾಡಿ ಒತ್ತಿದಾಗ ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಗೆರೆಗಳು ಕಂಡರೆ ಸರಿಯಾಗಿ ಕೂತಿದೆ ಎಂದರ್ಥ. ಆಗ ಅದರಡಿಯ ಆಳ 0.1 ಮಿಲಿಮೀಟರ್. ಒಂದು ದೊಡ್ಡ ಚೌಕ ಒಂದು ಮಿಲಿಮೀಟರ್ ಅಗಲ, ಒಂದು ಮಿಲಿಮೀಟರ್ ಉದ್ದ. ಹಾಗಾಗಿ ಅದರೊಳಗಿನ ದ್ರವ ಒಂದು ಮಿಲಿಲೀಟರಿನ ಹತ್ತು ಸಾವಿರದಲ್ಲೊಂದು ಪಾಲು. ನಾಲ್ಕು ಮೂಲೆಗಳಲ್ಲಿ 48, 53, 44, 55 ಬಂದರೆ ಒಟ್ಟು 200, ಸರಾಸರಿ 50. ಬಣ್ಣ ಬೆರೆಸಿದ್ದಕ್ಕೆ ಎರಡರಿಂದ, ಮತ್ತೆ 10,000ದಿಂದ ಗುಣಿಸಿದರೆ ಮಿಲಿಲೀಟರಿಗೆ 10 ಲಕ್ಷ. ಮೇಲಿನ ಮತ್ತು ಎಡದ ಗೆರೆ ಮುಟ್ಟಿದ್ದು ಲೆಕ್ಕಕ್ಕೆ, ಕೆಳಗಿನ ಮತ್ತು ಬಲದ ಗೆರೆಯದು ಬೇಡ. 200 ಎಣಿಸಿದರೂ ಆಕಸ್ಮಿಕದಿಂದಲೇ ಸುಮಾರು ಶೇ. 7ರಷ್ಟು ಆಚೀಚೆ ಆಗುತ್ತದೆ. ಹಾಗಾಗಿ ಒಟ್ಟು ನಲವತ್ತೇ ಕೋಶ ಕಂಡರೆ ಅದರ ಮೇಲೆ ಲೆಕ್ಕ ಕಟ್ಟಬೇಡಿ.

ಯಂತ್ರಕ್ಕೆ ಹತ್ತು ಮೈಕ್ರೋಲೀಟರ್ ಕೊಟ್ಟರೆ ಅರ್ಧ ನಿಮಿಷದಲ್ಲಿ ಸಂಖ್ಯೆ. ಹೀಲಾದಲ್ಲಿ ಎರಡೂ ಸರಿಸುಮಾರು ಒಂದೇ ಹೇಳಿದವು. ಒಂದೇ ದಿನ ಹನ್ನೆರಡು ಟ್ಯೂಬ್ ಎಣಿಸಬೇಕಿದ್ದಾಗ ಯಂತ್ರ ನನ್ನ ಕಣ್ಣನ್ನೂ ಸಂಜೆಯನ್ನೂ ಉಳಿಸಿತು. ಸೋತದ್ದು ಎಂಸಿಎಫ್-7ರಲ್ಲಿ. ಐದು ನಿಮಿಷ ಟ್ರಿಪ್ಸಿನ್ ಮಾಡಿದ ಒಂದೇ ಟ್ಯೂಬಿಗೆ ಗಾಜು 8.8 ಲಕ್ಷ ಎಂದಿತು, ಯಂತ್ರ 6 ಲಕ್ಷ ಎಂದಿತು. ಪರದೆಯ ಚಿತ್ರ ದೊಡ್ಡದು ಮಾಡಿ ನೋಡಿದರೆ ಕಾರಣ ಕಣ್ಣೆದುರೇ ಇತ್ತು: ದೊಡ್ಡ ಗೊಂಚಲುಗಳನ್ನು ಕೋಶವೇ ಅಲ್ಲವೆಂದು ಬಿಟ್ಟಿತ್ತು, ಮೂರು ನಾಲ್ಕರ ಗುಂಪನ್ನು ಒಂದೆಂದು ಹಿಡಿದಿತ್ತು. ಗಾಜಿನ ಮೇಲೆ ನಾನು ಫೋಕಸ್ ಮೇಲೆ ಕೆಳಗೆ ಆಡಿಸಿ ಗೊಂಚಲಿನೊಳಗನ್ನೂ ಎಣಿಸಿದ್ದೆ. ಯಂತ್ರವನ್ನು ನಂಬಿ ಪ್ರಯೋಗದ ತಟ್ಟೆಯ ಒಂದೊಂದು ಬಾವಿಗೆ (ಗುಳಿಗೆ) ಮೂರು ಲಕ್ಷ ಎಂದು ಅರ್ಧ ಮಿಲಿಲೀಟರ್ ಹಾಕಿದ್ದರೆ, ಅಲ್ಲಿ ನಿಜವಾಗಿ 4.4 ಲಕ್ಷ ಇರುತ್ತಿದ್ದವು. ಇಷ್ಟು ದಟ್ಟಣೆಯಲ್ಲಿ ಔಷಧ ಪರೀಕ್ಷೆ ಮಾಡಿದವರು ಆಮೇಲೆ 'ಔಷಧ ಕೆಲಸ ಮಾಡಲಿಲ್ಲ' ಎಂದು ತಿಂಗಳು ಕಳೆಯುತ್ತಾರೆ. ಮರುದಿನ ಅದೇ ಕೋಶವನ್ನು ಆಕ್ಯುಟೇಸಿನಲ್ಲಿ ಬಿಡಿಸಿ, ಸಣ್ಣ ತುದಿಯಿಂದ ಹದಿನೈದು ಸಲ ಮೆಲ್ಲಗೆ ಮೇಲೆ ಕೆಳಗೆ ಮಾಡಿ ಎಣಿಸಿದೆ: ಗಾಜು 9.4 ಲಕ್ಷ, ಯಂತ್ರ 9 ಲಕ್ಷ. ಯಂತ್ರ ಅದೇ, ಬದಲಾದದ್ದು ನಾನು ಕೋಶ ಬಿಡಿಸಿದ ರೀತಿ.

ಅಲ್ಲಿಂದೀಚೆಗೆ ನಮ್ಮ ಬೆಂಚಿನಲ್ಲಿ ಹೀಗೆ ನಡೆಯುತ್ತಿದೆ. ಹೀಲಾ, ಎಚ್‌ಇಕೆಗೆ ಟ್ರಿಪ್ಸಿನ್, ಎಣಿಕೆ ಯಂತ್ರದಲ್ಲಿ. ಎಂಸಿಎಫ್-7 ಬರೀ ಮುಂದುವರಿಸುವ ದಿನ ಟ್ರಿಪಲ್, ಎಣಿಕೆಯಿಲ್ಲದೆ ಮೂರಕ್ಕೊಂದು ಪಾಲು. ಅದನ್ನೇ ಪ್ರಯೋಗಕ್ಕೆ ಹಾಕುವ ದಿನ ಆಕ್ಯುಟೇಸ್, ಮೊದಲ ಟ್ಯೂಬ್ ಎರಡರಲ್ಲೂ ಎಣಿಸಿ ತಾಳೆಯಾದರೆ ಉಳಿದದ್ದು ಯಂತ್ರಕ್ಕೆ. ಹೊರಮೈ ಪ್ರೋಟೀನ್ ನೋಡುವ ದಿನ ಬರೀ ಇಡಿಟಿಎ, 40 ಮೈಕ್ರಾನಿನ ಜರಡಿ, ಗಾಜಿನ ಮೇಲೆ ಕಣ್ಣಿನ ಎಣಿಕೆ. ಜರಡಿಯಲ್ಲಿ ಅರ್ಧದಷ್ಟು ಕೋಶ ಹೋಗುತ್ತದೆಂದು ಮೊದಲೇ ಎರಡು ಫ್ಲಾಸ್ಕ್ ಬೆಳೆಸಿಟ್ಟುಕೊಳ್ಳುತ್ತೇವೆ. ಪುಸ್ತಕದಲ್ಲಿ ಪಾಸೇಜ್ ಸಂಖ್ಯೆಯ ಪಕ್ಕ ಈಗ ಇನ್ನೆರಡು ಅಂಕಣ ಎಳೆದಿದ್ದೇವೆ: ಎಷ್ಟು ನಿಮಿಷಕ್ಕೆ ಬಿಟ್ಟಿತು, ನೂರರಲ್ಲಿ ಎಷ್ಟು ಗೊಂಚಲಿನಲ್ಲಿತ್ತು. ಮೊನ್ನೆ ಆ ಹುಡುಗಿ ಎರಡನೇ ಅಂಕಣದಲ್ಲಿ 30 ಎಂದು ಬರೆದು, ಯಂತ್ರದ ಕಡೆ ಹೋಗದೆ, ಡ್ರಾಯರಿನಿಂದ ನ್ಯೂಬಾವರ್ ಗಾಜು ತೆಗೆದು ಒರೆಸುತ್ತ ಕೂತಿದ್ದಳು.