ಮಗುವಿನ ಜೊತೆ ಓಟ: 5 ಕಿ.ಮೀ. ಸ್ಟ್ರಾಲರ್‌ನಲ್ಲೋ, 1 ಕಿ.ಮೀ. ಕೈ ಹಿಡಿದೋ?

ಓಟದ ಸ್ಪರ್ಧೆಗೆ ಮಗುವನ್ನೂ ಕರೆದೊಯ್ಯಲು ಎರಡು ದಾರಿ: ಸ್ಟ್ರಾಲರ್‌ನಲ್ಲಿ (ಮಗುವಿನ ತಳ್ಳುಗಾಡಿ) ಕೂರಿಸಿ ತಳ್ಳುತ್ತಾ 5 ಕಿ.ಮೀ., ಇಲ್ಲವೇ ಕೈ ಹಿಡಿದು 1 ಕಿ.ಮೀ. ಎರಡೂ ಚೆಂದವೇ. ಆದರೆ ಸುಖ ಬೇರೆ ಬೇರೆ.

ಮೊದಲು ಖರ್ಚು. ಕೈ ಹಿಡಿದು ಓಡಲು ಇಬ್ಬರಿಗೂ ಸರಿಯಾದ ಶೂ ಇದ್ದರೆ ಸಾಕು. ಸ್ಟ್ರಾಲರ್‌ಗೆ ಜಾಸ್ತಿ ದುಡ್ಡು ಬೇಕು. ಮನೆಯಲ್ಲಿರುವ ಸಾಮಾನ್ಯ ತಳ್ಳುಗಾಡಿ ಓಟಕ್ಕೆ ಆಗುವುದಿಲ್ಲ. ಮೂರು ದೊಡ್ಡ ಚಕ್ರ, ಲಾಕ್ ಆಗುವ ಮುಂದಿನ ಚಕ್ರ, ಮಣಿಕಟ್ಟಿಗೆ ಕಟ್ಟುವ ಪಟ್ಟಿ ಇರುವ ಜಾಗಿಂಗ್ ಸ್ಟ್ರಾಲರೇ ಬೇಕು. ಮಗುವಿನ ಕತ್ತು ಗಟ್ಟಿಯಾಗುವವರೆಗೆ ಅದೂ ಬೇಡ; ಡಾಕ್ಟರನ್ನು ಒಮ್ಮೆ ಕೇಳಿಬಿಡಿ. ಕೆಲವು ಓಟಗಳಲ್ಲಿ ಸ್ಟ್ರಾಲರ್ ಬಿಡುವುದೇ ಇಲ್ಲ. ಬಿಟ್ಟರೂ ಸಾಮಾನ್ಯವಾಗಿ ಹಿಂದಿನ ಸಾಲಿನಿಂದಲೇ ಓಟ ಶುರು ಮಾಡಬೇಕು. ಓಟಕ್ಕೆ ಹೆಸರು ಕೊಟ್ಟು ದುಡ್ಡು ಕಟ್ಟುವ ಮೊದಲೇ ನಿಯಮ ಓದಿ.

ವೇಗ? ಸ್ಟ್ರಾಲರ್ ತಳ್ಳುತ್ತಾ ನಿಮ್ಮ ಲಯ ಹೆಚ್ಚುಕಮ್ಮಿ ಉಳಿಯುತ್ತದೆ, ಏರು ಬಂದಾಗ ಮಾತ್ರ ತೋಳು ಬೇಡ ಅನ್ನುತ್ತದೆ. ಕೈ ಹಿಡಿದರೆ ಲಯದ ಮಾತೇ ಇಲ್ಲ. ಮೊದಲ ನೂರು ಮೀಟರ್ ಬಾಣದ ಹಾಗೆ ಓಟ, ಆಮೇಲೆ ರಸ್ತೆ ಮಧ್ಯೆ ಕೂತು ಇರುವೆ ನೋಡುವುದು. ಟೈಮ್ ನೋಡಬೇಡಿ ಸುಮ್ನೆ.

ಮಗು ಚಿಕ್ಕದು, ನಿಮಗೂ ಬೆವರು ಬೇಕು ಅಂದರೆ ಸ್ಟ್ರಾಲರ್. ಐದಾರು ವರ್ಷದ ಮಗು ‘ನಾನೇ ಓಡ್ತೀನಿ’ ಅಂತ ಹಟ ಹಿಡಿದಿದ್ದರೆ 1 ಕಿ.ಮೀ. ಓಟವೇ ಸರಿ.